ಆರೋಗ್ಯವಂತರ ಪಟ್ಟಿ

ಮನೆಯಿಂದ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಣ್ಣಿಗೆ ನಿದ್ದೆ ಹತ್ತುತ್ತಿದೆಯಾ? ಹೊಟ್ಟೆಗೆ ಏನಾದರೂ ಬೀಳುತ್ತಿದೆಯಾ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತೀಯಾ? ನಿನ್ನನ್ನು ಆ ವಿಶ್ರಾಂತಿ ಧಾಮದಲ್ಲಿ ಬಿಟ್ಟು ಬಂದ ದಿನ ಅವರು ನಿನ್ನ ಫೋನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದನ್ನು ನೋಡಿ ನಿನ್ನ ಹೆಂಡತಿ ದಾರಿಯುದ್ದಕ್ಕೂ ಅತ್ತಳು. ನಾನು ಮಾತ್ರ ಒಳ್ಳೆಯದೇ ಆಯಿತು ಅಂದುಕೊಂಡೆ. ಆ ಫೋನು ನಿನ್ನ ಕೈಗೆ ಆರನೇ ಬೆರಳಾಗಿಹೋಗಿತ್ತು. ಪತ್ರ ಬರೆದರೆ ಭಾನುವಾರ ಕೊಡುತ್ತೇವೆ, ಆದರೆ ಮೊದಲು ನಾವು ಓದಿರುತ್ತೇವೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಆದಷ್ಟು ದುಂಡಗೆ ಬರೆಯುತ್ತಿದ್ದೇನೆ. ಡಾಕ್ಟರೇ, ನಮಸ್ಕಾರ. ಮುಚ್ಚಿಟ್ಟಷ್ಟೂ ಅವರಿಗೇ ಕಷ್ಟ ಎಂದು ನೀವು ಹೇಳಿದ ಮೇಲೆಯೇ ಈ ಪತ್ರಕ್ಕೆ ಕೂತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟು ಕೈ ನಿಂತಿತು. ಇದ್ದೇವೆ, ಸದ್ಯಕ್ಕೆ ಅಷ್ಟು ಸಾಕು. ಅಪ್ಪನ ಮಂಡಿ ಮೆಟ್ಟಿಲು ಹತ್ತುವಾಗ ಲಟಲಟ ಅನ್ನುತ್ತದೆ. ಮೂವತ್ತು ವರ್ಷ ಬಸ್ಸು ಓಡಿಸಿದವರಿಗೆ ಆ ಸದ್ದು ಜೋಗುಳವಂತೆ. ನಿನ್ನ ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಥೇಟ್ ನೀನೇ, ಆ ವಯಸ್ಸಿನ ನೀನು, ಅಂದರೆ ನೋಡುವ ಹಾಗಿರಲಿಲ್ಲ. ಮನೆ ಮಾತ್ರ ತೀರಾ ಸದ್ದಿಲ್ಲದ್ದಾಗಿದೆ. ಬಾಗಿಲಿನ ಗಂಟೆಯನ್ನು ಕಿತ್ತಿದ್ದೇವೆ. ಅಲಾರಂ ಗಡಿಯಾರ ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿದೆ. ಸೀಟಿ ಹೊಡೆಯುವ ಕುಕ್ಕರನ್ನು ಪಕ್ಕದ ಮನೆಯವರಿಗೆ ಕೊಟ್ಟಾಯಿತು. ಬಂದವರು ಬೆರಳ ತುದಿಯಿಂದ ಮೆಲ್ಲಗೆ ಬಾಗಿಲು ತಟ್ಟಬೇಕು ಎಂದು ಚೀಟಿ ಅಂಟಿಸಿದ್ದೇನೆ. ಹಾಲಿನವನು ಅದನ್ನು ಓದಿ, ಮನೆಯಲ್ಲಿ ಬಾಣಂತಿ ಇದ್ದಾರಾ ಎಂದು ಕೇಳಿದ. ಇದೆಲ್ಲ ಯಾಕೆ ಎಂದು ನೀನು ಕೇಳುವುದಿಲ್ಲ. ಯಾಕೆಂದು ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದವನೇ ನೀನು. ಏಳು ತಿಂಗಳ ಮೇಲಾಯಿತು ನಿನಗೆ ತಿಳಿದು. ನಮಗೆ ಮೂರು ವಾರ.

ನಮಗೆ ತಿಳಿದದ್ದು ಹೇಗೆ ಎಂದು ಹೇಳುತ್ತೇನೆ, ಕೇಳು. ಕನ್ನಡಕದಂಗಡಿಯ ಮೇಲಿನ ನಮ್ಮ ಆಫೀಸಿನಲ್ಲಿ, ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿ, ಅದೇ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದೆ. ಆಸ್ಪತ್ರೆಗಳಿಂದ ನನಗೆ ಬರುವ ಕರೆಗಳು ನಿನಗೆ ಗೊತ್ತೇ ಇವೆ: ಪಾಸ್‌ವರ್ಡ್ ಮರೆತುಹೋಯಿತು, ವರದಿ ಪ್ರಿಂಟ್ ಆಗುತ್ತಿಲ್ಲ, ಪರದೆ ನೀಲಿಯಾಗಿದೆ. ಅವತ್ತು ಕರೆ ಮಾಡಿದವರು ಹೃದಯದ ಡಾಕ್ಟರು. ದನಿ ಏರಿಸದೆ ಮಾತಾಡುವವರು. ಅಂಥವರ ಕರೆ ಬಂದರೆ ನನಗೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹೋದ ವರ್ಷ ಹದಿನೈದರ ಹುಡುಗನೊಬ್ಬ ಎಚ್ಚರ ತಪ್ಪಿ ಬಿದ್ದನೆಂದು ಅವರಲ್ಲಿಗೆ ಬಂದಿದ್ದನಂತೆ. ನಮ್ಮ ಸಾಫ್ಟ್‌ವೇರಿನಲ್ಲಿ ಜೀನ್ ಪರೀಕ್ಷೆಯಾಯಿತು, ವರದಿ ಸ್ವಚ್ಛ, ಹುಡುಗನನ್ನು ಮನೆಗೆ ಕಳಿಸಿದರು. ನಾಲ್ಕು ತಿಂಗಳ ಹಿಂದೆ ಶಾಲೆಯ ಓಟದ ಪಂದ್ಯದಲ್ಲಿ ಶುರುವಿನ ಪಿಸ್ತೂಲಿನ ಸದ್ದಿಗೆ ಎಲ್ಲರೂ ಓಡಿದರು, ಅವನು ನಿಂತಲ್ಲೇ ಬಿದ್ದ, ಏಳಲಿಲ್ಲ. ಈಗ ಅವನ ತಂಗಿಗೆ ಪರೀಕ್ಷೆ ಮಾಡಿದರೆ ಹೃದಯದ ಒಂದು ಜೀನಿನಲ್ಲಿ ಅಕ್ಷರ ಬದಲಾಗಿದೆ, ದಿಢೀರ್ ಸದ್ದಿಗೆ ಹೃದಯ ನಿಲ್ಲಬಹುದು, ಅಪಾಯಕಾರಿ ಎಂದು ನಮ್ಮದೇ ಸಾಫ್ಟ್‌ವೇರ್ ಹೇಳುತ್ತಿದೆ. ಡಾಕ್ಟರು ಸುಮ್ಮನೆ ಕೂರದೆ ಹುಡುಗನ ಹಳೆಯ ದತ್ತಾಂಶವನ್ನೂ ಮತ್ತೆ ಹಾಕಿ ನೋಡಿದರು. ಅವನಲ್ಲೂ ಅದೇ ಬದಲಾವಣೆ ಇದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಸತ್ತ ಹುಡುಗನ ರಕ್ತ ಬದಲಾಗೋದಿಲ್ಲ ಮೇಡಂ. ಬದಲಾಗಿರೋದು ನಿಮ್ಮ ಕಡೆ. ಏನು ಬದಲಾಯ್ತು ಅಂತ ಹೇಳಿ, ನಾನು ಕಾಯ್ತೀನಿ."

ಕರೆಯನ್ನು ಮೇಸ್ತ್ರಿಗೆ ಒಪ್ಪಿಸಿದೆ. ನಿನ್ನ ಜೊತೆ ಮೊದಲ ದಿನದಿಂದ ಇರುವವನು, ಬೇರೆಯವರು ಬರೆದ ಕೋಡನ್ನು ಗೋಡೆ ತಟ್ಟಿ ನೋಡುವ ಹಾಗೆ ತಟ್ಟಿ ನೋಡುವವನು ಎಂದು ನಾವೇ ಅವನಿಗೆ ಇಟ್ಟ ಹೆಸರು ಮೇಸ್ತ್ರಿ. ಅವನು ಊಟಕ್ಕೂ ಏಳದೆ ಹುಡುಕಿದ. ಆಮೇಲೆ ಎಂದಿನಂತೆ ಮೆಸೇಜು ಕಳಿಸದೆ ನನ್ನ ಕುರ್ಚಿಯ ಪಕ್ಕ ಬಂದು ನಿಂತ. ಆರೋಗ್ಯವಂತರ ಪಟ್ಟಿಯಿಂದ ಮೂರು ಜನ ಕಡಿಮೆಯಾಗಿದ್ದಾರೆ, ಹೊಸ ಆವೃತ್ತಿ ಬಿಡುವ ಮುಂಚೆ ನಿನ್ನ ತಮ್ಮನೇ ತೆಗೆದಿದ್ದಾನೆ ಅಂದ. ಯಾವ ಮೂರು ಜನ ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿಕೊಂಡು ಹೇಳಿದ: "ನಿಮ್ಮಮ್ಮ, ಗುಬ್ಬಿ, ಅವನು." ಗುಬ್ಬಿಯ ಹೆಸರು ಕೇಳಿ ಎಷ್ಟು ದಿನವಾಗಿತ್ತೋ. ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ತೀರಿಹೋದ ನಮ್ಮ ತಂಗಿಯ ಹೆಸರನ್ನು ಮತ್ತೆ ಕೇಳಲಿಕ್ಕೆ ಇಂಥ ಮಾತು ಬೇಕಾಯಿತು.

ನಿನ್ನ ಸಾಫ್ಟ್‌ವೇರನ್ನು ನಿನಗೇ ವಿವರಿಸುವುದು ನಗೆಪಾಟಲು. ಆದರೂ ಹೋದ ಭಾನುವಾರ ಅಪ್ಪನಿಗೆ ಹೇಗೆ ಬಿಡಿಸಿ ಹೇಳಿದೆನೋ ಹಾಗೇ ಇಲ್ಲಿ ಬರೆಯುತ್ತೇನೆ. ನೀನು ಆಸ್ಪತ್ರೆಗಳಲ್ಲಿ ಪರದೆ ಹಾಕಿ ತೋರಿಸುವಾಗ ಆಡುತ್ತಿದ್ದ ಬೆಡಗಿನ ಮಾತುಗಳನ್ನೆಲ್ಲ ತೆಗೆದರೆ ಅದು ಹೇಗೆ ಕೇಳುತ್ತದೆ ಎಂದು ನಿನಗೂ ಗೊತ್ತಾಗಲಿ. ಪ್ರತಿಯೊಬ್ಬರ ಮೈಯಲ್ಲೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಭಾರೀ ಬರಹವೊಂದಿದೆ ಅಪ್ಪಾ ಎಂದೆ. ಒಬ್ಬರಿಗೂ ಇನ್ನೊಬ್ಬರಿಗೂ ಲಕ್ಷಗಟ್ಟಲೆ ಕಡೆ ಅಕ್ಷರ ಬೇರೆ ಇರುತ್ತದೆ. ಹೆಚ್ಚಿನವು ಏನೂ ಮಾಡುವುದಿಲ್ಲ, ಯಾವುದೋ ಒಂದು ಪ್ರಾಣ ತೆಗೆಯುತ್ತದೆ. ಯಾವುದು ಯಾವುದೆಂದು ಬೇರೆ ಮಾಡುವ ಜರಡಿಯೇ ನಮ್ಮ ಸಾಫ್ಟ್‌ವೇರ್. ಜರಡಿ ಹಿಡಿಯುವ ನಿಯಮ ಸುಲಭದ್ದು: ಆರೋಗ್ಯವಾಗಿರುವ ಜನರಲ್ಲೂ ಕಂಡುಬಂದ ವ್ಯತ್ಯಾಸ ಕಾಯಿಲೆಗೆ ಕಾರಣವಾಗಿರಲಾರದು, ಅದನ್ನು ಆಚೆ ಹಾಕು. ಅದಕ್ಕೆ ಆರೋಗ್ಯವಂತರ ಪಟ್ಟಿಯೊಂದು ಬೇಕು. ಬೇರೆ ಬೇರೆ ದೊಡ್ಡ ದೇಶಗಳವರು ಮಾಡಿಟ್ಟ ಪಟ್ಟಿಗಳಲ್ಲಿ ನಮ್ಮಂಥವರು ಬೆರಳೆಣಿಕೆಯಷ್ಟು. ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಇರುವ ನಿರುಪದ್ರವಿ ಅಕ್ಷರಗಳೂ ಅವರ ಪಟ್ಟಿಗೆ ವಿಚಿತ್ರವಾಗಿ ಕಾಣುತ್ತಿದ್ದವು, ವರದಿ ನಲವತ್ತು ಪುಟ ಹೋಗುತ್ತಿತ್ತು, ಡಾಕ್ಟರುಗಳು ಅದನ್ನು ಮೂಲೆಗೆ ಎಸೆಯುತ್ತಿದ್ದರು. ನಮ್ಮ ಜನರ ಪಟ್ಟಿಯನ್ನು ನಾವೇ ಮಾಡೋಣ ಅಂದೆ ನೀನು. ಒಳ್ಳೆಯ ವಿಚಾರವೇ ಆಗಿತ್ತು. ಇವತ್ತೂ ಹಾಗೇ ಅನ್ನುತ್ತೇನೆ.

ಎಂಜಲು ಕೂಡಿಸಿದ ಆ ವಾರ ನೆನಪಿದೆಯಾ? ಆಫೀಸಿನವರು, ಅವರ ಹೆಂಡಿರು, ಗಂಡಂದಿರು, ಅತ್ತೆ ಮಾವಂದಿರು, ಎಲ್ಲರ ಕೈಗೂ ಒಂದೊಂದು ಟ್ಯೂಬು. ಅಪ್ಪನ ಬಾಯಿ ಒಣಗಿ ಬಟ್ಟೆಯಾಗಿತ್ತು, ಎದುರಿಗೆ ನಿಂಬೆಹಣ್ಣು ಹಿಂಡಿ ತೋರಿಸಿದರೂ ಗೆರೆ ಮುಟ್ಟಲಿಲ್ಲ. ಅಮ್ಮ ನಾಲ್ಕು ಜನರೆದುರು ಉಗುಳುವುದು ಹೇಗೆ ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಗುಬ್ಬಿ ಎಲ್ಲರಿಗಿಂತ ಮೊದಲು ತುಂಬಿಸಿ, ಬಹುಮಾನ ಎಲ್ಲಿ ಎಂದು ಕೈ ಚಾಚಿದಳು. ಆರೋಗ್ಯವಾಗಿದ್ದೀರಾ ಎಂಬ ಪ್ರಶ್ನೆಗೆ ಎಲ್ಲರೂ ಹೌದೆಂದರು. ಮನೆಯವರೆದುರು ಯಾರು ತಾನೇ ಇಲ್ಲ ಅನ್ನುತ್ತಾರೆ? ಮೂರು ಆರೋಗ್ಯವಂತರಲ್ಲಿ ಕಂಡ ಅಕ್ಷರವನ್ನು ಜರಡಿ ಆಚೆ ಹಾಕಬೇಕೆಂದು ನೀನು ನಿಯಮ ಮಾಡಿದೆ. ಗುರುತು ಪರಿಚಯವಿಲ್ಲದ ಮೂರು ಜನರಾದರೆ ಆ ನಿಯಮ ಸರಿಯೇ. ಆದರೆ ತಾಯಿ, ಮಗ, ಮಗಳು ಮೂರು ಜನ ಹೇಗಾಗುತ್ತಾರೆ? ಒಬ್ಬರನ್ನೇ ಮೂರು ಸಲ ಎಣಿಸಿದ ಹಾಗಾಯಿತು ಅಂದರು ಅಪ್ಪ, ನಾನು ಅಲ್ಲಿಗೆ ಬರುವ ಮೊದಲೇ. ರಕ್ತಸಂಬಂಧ ಹಿಡಿಯುವ ಪರೀಕ್ಷೆಯನ್ನು ಸೇರಿಸೋಣ ಎಂದು ಮೇಸ್ತ್ರಿ ಅವತ್ತೇ ಹೇಳಿದ್ದನಂತೆ. ಸೇರಿಸಿದರೆ ಪಟ್ಟಿ ಅರ್ಧಕ್ಕಿಳಿಯುತ್ತದೆ, ವರದಿ ಮತ್ತೆ ಉದ್ದವಾಗುತ್ತದೆ, ಆಮೇಲೆ ನೋಡೋಣ ಅಂದೆಯಂತೆ. "ಎರಡೇ ಪುಟದ ವರದಿ" ಎಂದು ದೊಡ್ಡಕ್ಷರದಲ್ಲಿ ಬರೆಸಿ ಬಾಗಿಲಿಗೆ ಹಾಕಿದ್ದೆಯಲ್ಲ, ಆಸ್ಪತ್ರೆಗಳು ನಮ್ಮನ್ನು ಹುಡುಕಿಕೊಂಡು ಬಂದದ್ದೇ ಅದಕ್ಕೆ. ಆಮೇಲೆ ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ.

ಈಗ ಗುಬ್ಬಿಯ ವಿಷಯ. ಬರೆಯದೆ ಮುಂದೆ ಹೋಗಲಾರೆ. ಹೋಗುವ ಮುಂಚಿನ ವರ್ಷ ಅವಳು ಎರಡು ಸಲ ಕಣ್ಣು ಕತ್ತಲಿಟ್ಟು ಬಿದ್ದಳು, ಎರಡೂ ಸಲ ಅವಳು ಪಾಠ ಮಾಡುವ ಶಾಲೆಯಲ್ಲೇ. ಊಟ ಬಿಟ್ಟು ಸಣ್ಣಗಾಗುವ ಹುಚ್ಚು ಎಂದು ಅಮ್ಮ ಬೈದಳು. ನೀನು ಅವಳ ದತ್ತಾಂಶ ಹೇಗೂ ನಮ್ಮಲ್ಲೇ ಇದೆಯಲ್ಲ ಎಂದು ಜರಡಿಗೆ ಹಾಕಿ ನೋಡಿ, ಸಂಜೆ ಮನೆಗೆ ಬಂದು, ಶೂ ಕೂಡ ಬಿಚ್ಚದೆ ಹೇಳಿದೆ: "ನಿನ್ನ ವರದಿ ಕನ್ನಡಿ ಹಾಗಿದೆ ಕಣೇ. ನಾಟಕ ಸಾಕು, ಕೆಲಸಕ್ಕೆ ಹೋಗು." ಅವಳು ನಕ್ಕು ನಿನ್ನ ಬೆನ್ನಿಗೊಂದು ಗುದ್ದಿದಳು. ಡಾಕ್ಟರ ಹತ್ತಿರ ಹೋಗುವ ಮಾತು ಅಲ್ಲಿಗೆ ಬಿಟ್ಟುಹೋಯಿತು. ಆಮೇಲಿನದು ನಿನಗೂ ಗೊತ್ತು. ಬೆಳಗಿನ ಗಂಟೆ, ಹೊಸದಾಗಿ ಶಿಕ್ಷಕರ ಕೋಣೆಯ ಬಾಗಿಲ ಮೇಲೆಯೇ ಕೂರಿಸಿದ್ದ ವಿದ್ಯುತ್ ಗಂಟೆ, ತಲೆಯ ಮೇಲೆ ಹೊಡೆಯಿತು. ಅವಳ ಕೈಯಲ್ಲಿದ್ದ ಸೀಮೆಸುಣ್ಣದ ಡಬ್ಬಿ ಮೊದಲು ಬಿತ್ತು ಎಂದು ಜೊತೆಯಲ್ಲಿದ್ದವರು ಹೇಳಿದರು. ಎದೆ ಕೊಯ್ದು ನೋಡಿದರೂ ಕಾರಣ ಕಾಣಲಿಲ್ಲ. ಆಸ್ಪತ್ರೆಯವರು ರಕ್ತವನ್ನು ನಮ್ಮ ಜರಡಿಗೇ ಕಳಿಸಿದರು, ಮತ್ತೆ ಏನೂ ಇಲ್ಲ ಎಂದು ಬಂತು. ಬೇರೆ ಹೇಗೆ ತಾನೇ ಬರುತ್ತದೆ? ಅವಳನ್ನು ಕೊಂದ ಅಕ್ಷರ ನಿರಪಾಯಕಾರಿ ಎಂದು ಸಾಕ್ಷಿ ಹೇಳಲು ಪಟ್ಟಿಯಲ್ಲಿ ಅವಳೇ ಕೂತಿದ್ದಳು. ಹೂತು ಬಂದ ಮೇಲೂ ನಮ್ಮ ಆಫೀಸಿನ ಮಟ್ಟಿಗೆ ನನ್ನ ತಂಗಿ ಆರೋಗ್ಯವಂತೆಯಾಗಿಯೇ ಇದ್ದಳು.

ನಿನಗೆ ಅನುಮಾನ ಹತ್ತಿದ್ದು ಆಗ ಇರಬೇಕು. ಅವಳು ಹೋದ ಮೂರನೇ ವಾರ ನೀನು ಪಟ್ಟಿ ಬಿಚ್ಚಿ ನೋಡಿದೆ, ಮೂರೂ ಜನರನ್ನು ತೆಗೆದೆ, ಹೊಸ ಆವೃತ್ತಿ ಬಿಟ್ಟೆ, ಬಾಯಿ ಮುಚ್ಚಿಕೊಂಡೆ. ಮುಂದೆ ಪರೀಕ್ಷೆಗೆ ಬರುವವರನ್ನು ಉಳಿಸಿದೆ. ಅದಾಗಲೇ ಸ್ವಚ್ಛ ಎಂದು ವರದಿ ಕೊಟ್ಟು ಮನೆಗೆ ಕಳಿಸಿದವರನ್ನು ಅವರವರ ಪಾಡಿಗೆ ಬಿಟ್ಟುಬಿಟ್ಟೆ. ನೀನು ಊಟ ಬಿಟ್ಟದ್ದು, ನಿದ್ದೆ ಬಿಟ್ಟದ್ದು, ಗೋಡೆ ನೋಡಿಕೊಂಡು ಕೂತದ್ದು, ಎಲ್ಲವೂ ತಂಗಿ ಹೋದ ದುಃಖಕ್ಕೆ ಎಂದು ನಾವು ಅಂದುಕೊಂಡೆವು. ನಿನ್ನ ತಲೆಗೆ ಎಣ್ಣೆ ತಟ್ಟಿದೆ ನಾನು. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ನೀವಿಬ್ಬರೂ ಆಡಿಕೊಳ್ಳುತ್ತಿದ್ದಿರಿ. ಈ ಸಲ ಅದು ಅಲ್ಲಿಂದ ಇಳಿದು ಎದೆಯಲ್ಲಿ ಕೂತಿದೆ, ಹೋಗುತ್ತಿಲ್ಲ. ಮನೆಯವರನ್ನು ಪಟ್ಟಿಗೆ ಸೇರಿಸಿದ್ದು ತಪ್ಪು. ತಪ್ಪು ಎಲ್ಲರೂ ಮಾಡುತ್ತಾರೆ, ನಾನೇ ಟ್ಯೂಬು ಹಂಚಿದ್ದೇನೆ. ಮನೆಯವರನ್ನು ಸದ್ದಿಲ್ಲದೆ ತೆಗೆದೆಯಲ್ಲ, ಅದಕ್ಕೆ ತಪ್ಪು ಎಂಬ ಮಾತು ಸಾಲದು. ಪಿಸ್ತೂಲಿನ ಸದ್ದಿಗೆ ಬಿದ್ದ ಹುಡುಗ ಹೋಗಿ ನಾಲ್ಕು ತಿಂಗಳು. ನೀನು ಪಟ್ಟಿ ತಿದ್ದಿ ಏಳು ತಿಂಗಳ ಮೇಲಾಗಿದೆ. ಈ ಎರಡು ಸಾಲುಗಳನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನೀನು ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಅಕ್ಕನ ಕೈಯಲ್ಲಿ ಓದುವುದು ವಾಸಿ.

ಮೇಸ್ತ್ರಿ ಹಳೆಯ ಪರೀಕ್ಷೆಗಳನ್ನೆಲ್ಲ ಹೊಸ ಜರಡಿಯಲ್ಲಿ ಮತ್ತೆ ಹಿಡಿದ. ಅದೇ ಅಕ್ಷರವನ್ನು ಹೊತ್ತು, ನಮ್ಮಿಂದ ಸ್ವಚ್ಛ ಎಂದು ಹೇಳಿಸಿಕೊಂಡು ಹೋದವರು, ಗುಬ್ಬಿಯನ್ನು ಬಿಟ್ಟು, ಏಳು ಜನ. ಅವರಲ್ಲಿ ಇಬ್ಬರು ಇಲ್ಲ. ಉಳಿದವರಲ್ಲಿ ಒಬ್ಬಳಿಗೆ ಇನ್ನೂ ಹಾಲು ಹಲ್ಲು. ಒಬ್ಬ ಅಗ್ನಿಶಾಮಕ ದಳದವನು, ಗಂಟೆ ಬಾರಿಸಿದ ಕೂಡಲೇ ಹಾಸಿಗೆಯಿಂದ ಹಾರಿ ಓಡಬೇಕಾದವನು. ಮೇಸ್ತ್ರಿ ಆ ಸಾಲನ್ನು ಓದಿ ಕನ್ನಡಕ ತೆಗೆದಿಟ್ಟ. ಕಂಪನಿಯನ್ನು ಕೊಳ್ಳಲು ಬಂದಿದ್ದರಲ್ಲ ಆ ದೊಡ್ಡವರು, ಅವರ ವಕೀಲರಿಗೂ ವಿಷಯ ಮುಟ್ಟಿತು. ಬಹಳ ನಯವಾಗಿ ಮಾತಾಡುವ ಮನುಷ್ಯ. ನೀನು ಚೇತರಿಸಿಕೊಂಡು ನಿನ್ನ ಸಹಿ ಬಿದ್ದು ಮಾರಾಟ ಮುಗಿಯಲಿ, ಆಮೇಲೆ ನಾವೇ ಒಂದು ಕ್ರಮದಲ್ಲಿ, ಗಾಬರಿ ಹುಟ್ಟಿಸದೆ, ಎಲ್ಲವನ್ನೂ ಸರಿಪಡಿಸುತ್ತೇವೆ ಅಂದರು. ಮುಂದಿನ ತಿಂಗಳು ಎಂದರು. ಮುಂದಿನ ತಿಂಗಳವರೆಗೆ ಆ ದಳದ ಗಂಟೆ ಎಷ್ಟು ಸಲ ಹೊಡೆಯುತ್ತದೆ ಎಂದು ಕೇಳಿದೆ. ಅವರು ತಮ್ಮ ಪೆನ್ನಿನ ಮುಚ್ಚಳ ಹಾಕಿಕೊಂಡರು.

ಆಸ್ಪತ್ರೆಗಳು ಏಳೂ ಮನೆಗೆ ಹೇಳಿಕಳಿಸಬೇಕಾದರೆ ಕಂಪನಿಯ ಡೈರೆಕ್ಟರ ಸಹಿಯಿರುವ ಸೂಚನೆ ಬೇಕು. ನೀನು ಸಹಿ ಹಾಕುವ ಸ್ಥಿತಿಯಲ್ಲಿಲ್ಲ ಎಂದು ನಿನ್ನ ಡಾಕ್ಟರು ಬರೆದುಕೊಟ್ಟಿದ್ದಾರೆ. ಇನ್ನೊಬ್ಬ ಡೈರೆಕ್ಟರು ನಮ್ಮಪ್ಪ. ಎರಡು ಹೆಸರು ಬೇಕೆಂದು ಅವತ್ತು ಅವರನ್ನು ಸೇರಿಸಿಕೊಂಡಿದ್ದೆ. ಇಷ್ಟು ದಿನ ಅವರ ಕೆಲಸವೆಂದರೆ ನೀನು ಬೆರಳಿಟ್ಟ ಕಡೆ ಓದದೆ ಸಹಿ ಹಾಕುವುದು. ಭಾನುವಾರ ಊಟದ ಮೇಜಿನ ಮೇಲೆ ಸೂಚನೆಯನ್ನು ಅವರ ಮುಂದಿಟ್ಟೆ. ಈ ಸಲ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಬಾಯಲ್ಲಿ ಓದಿದರು. ತಪ್ಪು ಯಾವಾಗ ತಿಳಿಯಿತು, ಯಾರಿಗೆ ತಿಳಿಯಿತು ಎಂಬ ಸಾಲು ಬಂದಾಗ ನಿಂತರು. ನಿನ್ನ ಹೆಸರನ್ನು ಬಿಟ್ಟು ಬರೆಯಲಾಗುವುದಿಲ್ಲವಾ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಸಹಿ ಹಾಕಿದರೆ ಅವನಿಗೆ ಏನಾಗುತ್ತದೆ ಎಂದು ಕೇಳಿದರು. ವಿಚಾರಣೆಯಾಗುತ್ತದೆ, ಕಂಪನಿ ಮುಚ್ಚುತ್ತದೆ, ಜೈಲಾದರೂ ಆಗಬಹುದು ಎಂದೆ. ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಿ ನೋಡಲಿಲ್ಲ. "ಇನ್ನೊಂದು ಮನೇಲೂ ಒಬ್ಬ ಅಪ್ಪ ಇರ್ತಾನಲ್ಲ" ಎಂದು ಸಹಿ ಹಾಕಿದರು. ಆಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವರು ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ನಿನ್ನ ಮೇಲೆ ಸಿಟ್ಟಾ ಎಂದು ಕೇಳಿದರೆ ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಆದರೆ ನಿನ್ನ ಚಪ್ಪಲಿಯನ್ನು ದಿನಾ ಬಾಗಿಲ ಹತ್ತಿರ ಜೋಡಿಸಿ ಇಡುವವರು ಅವರೇ.

ಸೋಮವಾರ ಸೂಚನೆ ಹೋಯಿತು. ನಮ್ಮ ಪಟ್ಟಿಯನ್ನು ಯಾರೂ ಬಳಸಬಾರದೆಂದೂ ಅದರಲ್ಲೇ ಬರೆದಿದ್ದೇವೆ. ಮೇಸ್ತ್ರಿಯ ಮನೆಯವರೂ ಅದರಲ್ಲಿ ಐದು ಜನ ಇದ್ದಾರೆ, ಇನ್ನು ಯಾರ ಯಾರ ಮನೆಯ ಯಾವ ಯಾವ ಅಕ್ಷರ ಅಡಗಿ ಕೂತಿದೆಯೋ ನೋಡಬೇಕು. ಅಗ್ನಿಶಾಮಕ ದಳದವನನ್ನು ಅವತ್ತೇ ಕರೆಸಿ ಕೆಲಸದಿಂದ ಇಳಿಸಿದರಂತೆ. ಅವನು ನಮಗೆ ಫೋನು ಮಾಡಿ ಹಿಗ್ಗಾಮುಗ್ಗಾ ಬೈದ. ಬೈಯುತ್ತಿದ್ದಾನೆಂದರೆ ಇದ್ದಾನೆ ಎಂದು ನಾನು ಕಣ್ಣೊರೆಸಿಕೊಂಡು ಕೇಳಿಸಿಕೊಂಡೆ. ಕೊಳ್ಳುವವರು ಹಿಂದೆ ಸರಿದರು. ಅಧಿಕಾರಿಗಳು ಬಂದು ಕಂಪ್ಯೂಟರುಗಳನ್ನು ಒಯ್ದರು, ಮೇಜುಗಳ ಮೇಲೆ ಧೂಳಿನ ಚೌಕಗಳು ಉಳಿದಿವೆ. ಗುರುವಾರ ಓಟದ ಪಂದ್ಯದಲ್ಲಿ ಬಿದ್ದ ಆ ಹುಡುಗನ ತಂದೆ ಬಂದಿದ್ದರು. ಕೂಗಾಡುತ್ತಾರೆಂದು ಮೇಸ್ತ್ರಿ ನನ್ನ ಪಕ್ಕ ಬಂದು ನಿಂತ. ಅವರು ಕೂಗಾಡಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿದರು: ನಿಮಗೆ ಗೊತ್ತಾದಾಗ ನನ್ನ ಮಗ ಇದ್ದನಾ? ಇದ್ದ ಎಂದೆ. ಅವರು ತಲೆಯಾಡಿಸಿ, ನೀರು ಕುಡಿದು, ಲೋಟವನ್ನು ನಾವು ತಂದಿಟ್ಟಿದ್ದ ಜಾಗದಲ್ಲೇ ಇಟ್ಟು ಹೋದರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದರು. ಅವರನ್ನು ನೀನು ಒಂದಲ್ಲ ಒಂದು ದಿನ ನೋಡಬೇಕಾಗುತ್ತದೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟು ಮಾತು ಕೊಡಬಲ್ಲೆ. ಅದಕ್ಕಿಂತ ಹೆಚ್ಚಿನದನ್ನು ಕೊಡುವ ಹಾಗಿಲ್ಲ.

ಈಗ ನಿನ್ನ ವಿಷಯ. ಅಮ್ಮ ಹೃದಯಕ್ಕೆಂದು ಕೊಟ್ಟ ಮಾತ್ರೆ ಶುರುಮಾಡಿದ್ದಾಳೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಇರುವಷ್ಟು ದಿನ. ಅರವತ್ತಾರು ವರ್ಷ ಏನೂ ಆಗದ್ದು ಇನ್ನೇನಾಗುತ್ತದೆ ಎಂದು ಮೊದಲು ರಗಳೆ ತೆಗೆದಳು. ಆಮೇಲೆ, ನನ್ನಿಂದ ತಾನೇ ಮಕ್ಕಳಿಗೆ ಹೋದದ್ದು ಎಂದು ಒಂದು ಸಲ ಅಂದಳು, ಅಷ್ಟೇ, ಮತ್ತೆ ಆ ಮಾತೆತ್ತಿಲ್ಲ. ನನಗೂ ಪರೀಕ್ಷೆಯಾಯಿತು, ನನ್ನಲ್ಲಿ ಅದಿಲ್ಲ. ಚಿಕ್ಕಂದಿನಲ್ಲಿ ನೀವಿಬ್ಬರೂ ಸೇರಿ, ನಿನ್ನನ್ನು ತೌಡು ಕೊಟ್ಟು ತಂದದ್ದು ಎಂದು ನನ್ನನ್ನು ಅಳಿಸುತ್ತಿದ್ದಿರಿ. ವರದಿ ಕೈಗೆ ಬಂದ ದಿನ ನನಗೆ ಮತ್ತೆ ಹಾಗೇ ಅನ್ನಿಸಿತು. ಮೂವರಲ್ಲಿ ಒಬ್ಬಳನ್ನೇ ಆಚೆ ನಿಲ್ಲಿಸಿದ ಹಾಗೆ. ನಿನ್ನಲ್ಲಿ ಅದಿದೆ ಎಂದು ನಿನಗೆ ಏಳು ತಿಂಗಳಿಂದ ಗೊತ್ತು, ನಿನ್ನನ್ನು ನೀನೇ ಪಟ್ಟಿಯಿಂದ ತೆಗೆದವನು. ಆದರೂ ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ನಾನು ಅಲ್ಲಿಗೆ ಫೋನು ಮಾಡಿ ತಿಳಿಸಿದ ಮೇಲೆ ಅವರು ಇಸಿಜಿ ತೆಗೆದು ಮಾತ್ರೆ ಬರೆದುಕೊಟ್ಟರೆ, ದಾದಿಯ ಎದುರು ಬಾಯಿಗೆ ಹಾಕಿಕೊಂಡು ಆಮೇಲೆ ಬಚ್ಚಲಿನಲ್ಲಿ ಉಗುಳುತ್ತೀಯಂತೆ. ಯಾಕೆ ಎಂದು ನನಗೆ ಅರ್ಥವಾಗುತ್ತದೆ, ಅದಕ್ಕೇ ಇನ್ನೂ ಸಿಟ್ಟು. ಗುಬ್ಬಿಗೆ ಸಿಗದ ಮಾತ್ರೆ ನನಗೂ ಬೇಡ ಎಂದು ನೀನೇ ತೀರ್ಪು ಬರೆದುಕೊಂಡಿದ್ದೀಯ. ನಿನಗೆ ತೀರ್ಪು ಕೊಡುವವರು ಬೇರೆ ಇದ್ದಾರೆ ತಮ್ಮಾ, ಅವರು ಬರುತ್ತಾರೆ, ಆತುರ ಬೇಡ. ನೀನು ಸತ್ತರೆ ಆ ಹುಡುಗನ ತಂದೆಗೆ ಉತ್ತರ ಹೇಳುವವರು ಯಾರು? ಮತ್ತೆ ಅಪ್ಪನೇ ಹೇಳಬೇಕಾ?

ನಿನ್ನ ಮಗಳ ರಕ್ತವನ್ನೂ ಬೇರೆ ಆಸ್ಪತ್ರೆಗೆ ಕೊಟ್ಟಿದ್ದೇವೆ, ಅವರು ನಮ್ಮ ಸಾಫ್ಟ್‌ವೇರ್ ಬಳಸುವವರಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ನಿನ್ನ ಹೆಂಡತಿ ಅಳುವುದನ್ನು ನಿಲ್ಲಿಸಿದ್ದಾಳೆ, ಅದೇ ನನಗೆ ಹೆಚ್ಚು ಭಯ. ಮಗುವನ್ನು ಶಾಲೆಗೆ ಕಳಿಸುತ್ತಿಲ್ಲ, ಅಲ್ಲೂ ಗಂಟೆ ಇದೆಯಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ, ಬೆರಳು ನೋಯುತ್ತಿದೆ. ಹೊಟ್ಟೆ ತುಂಬ ಊಟ ಮಾಡು, ಬಿಸಿಲಿಗೆ ಬಂದು ಕೂತುಕೋ. ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ, ಇನ್ನೂ ಆಗಿಲ್ಲ. ನೀನು ಬೇಕು ಎಂದು ಮಾತ್ರ ಬರೆಯಬಲ್ಲೆ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆ ಎಂದು ತಿಳಿದುಕೋ. ಅಪ್ಪ ಕೇಳಿದೆ ಎಂದು ಹೇಳು ಅಂದರು, ಏನು ಕೇಳಿದಿರಿ ಎಂದರೆ ನಿನ್ನ ಚಪ್ಪಲಿಯ ಧೂಳು ಒರೆಸತೊಡಗಿದರು. ಮೇಸ್ತ್ರಿಯೂ ನೆನೆಸಿಕೊಂಡಿದ್ದಾನೆ.

ನಿನ್ನ ಮೇಲೆ ಕೋಪ ಇಳಿಯದ, ಪ್ರೀತಿಯೂ ಇಳಿಯದ,
ಅಕ್ಕ

ಮರೆಯುವ ಮುನ್ನ: ಲಕೋಟೆ ಅಂಟಿಸಿ ಆಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ, ಅಂಚೆಗೆ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ. ಈಗ ತಾನೇ ಆಸ್ಪತ್ರೆಯಿಂದ ತಿಳಿಸಿದರು. ಮಗುವಿನಲ್ಲೂ ಇದೆ. ಗಾಬರಿಯಾಗಬೇಡ, ಚೆನ್ನಾಗಿದ್ದಾಳೆ, ಇವತ್ತೇ ಮಾತ್ರೆ ಶುರುಮಾಡಲು ಹೇಳಿದ್ದಾರೆ. ಕಹಿ ಎಂದು ಬಾಯಿ ಬಿಗಿಹಿಡಿದು ಕೂತಿದ್ದಳು. ಅಜ್ಜಿ ನುಂಗಿ ತೋರಿಸಿದಳು. ಆಗ ನನ್ನ ಕಡೆ ತಿರುಗಿ, "ಅತ್ತೆ, ಅಪ್ಪನೂ ನುಂಗ್ತಾರಾ?" ಎಂದು ಕೇಳಿದಳು. ಹೌದು ಕಂದಾ, ದಿನಾ ಎರಡು ಸಲ, ಮುಖ ಕೂಡ ಕಿವಿಚೋದಿಲ್ಲ ಎಂದೆ. ನನ್ನ ಮಾತು ನಂಬಿ ನುಂಗಿದಳು. ಇನ್ನು ಅವಳು ಬದುಕಿರುವಷ್ಟು ದಿನವೂ ನುಂಗಬೇಕು. ನನ್ನನ್ನು ಸುಳ್ಳಿ ಮಾಡಬೇಡ.